ಮೂವತ್ತಕ್ಕೆ ಮೂರು: ಒಂದು ಸ್ಕೋರ್‌ಬುಕ್ಕಿನ ಜೊತೆ ಐದು ದಿನ

ಮೈಸೂರಿನ ಕ್ಲಬ್ ಕ್ರಿಕೆಟ್ಟಿಗೆ ಇಪ್ಪತ್ತೆರಡು ವರ್ಷ ಸ್ಕೋರರ್ ಆಗಿ ಕೂತವನು ನಾನು. ವಾರವೆಲ್ಲ ಬ್ಯಾಂಕಿನ ಲೆಜರು, ಭಾನುವಾರ ಮೈದಾನದ ಬದಿಯ ಶಾಮಿಯಾನಾದ ಕೆಳಗೆ ಮೂರು ಬಣ್ಣದ ಪೆನ್ನು ಮತ್ತು ಸ್ಕೋರ್‌ಬುಕ್ಕು. 2023ರ ಮೇ ತಿಂಗಳಲ್ಲಿ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರುವ ಮಗಳ ಮನೆಗೆ ಹೋದಾಗ, ಅಮೆರಿಕದಲ್ಲಿ ಏನು ನೋಡಬೇಕೆಂದು ಎಲ್ಲರೂ ಕೇಳಿದರು. ನಯಾಗರಾ ಹಿಂದಿನ ಸಲವೇ ಆಗಿತ್ತು. ಒಂದು ಸಂಜೆ ಅಳಿಯ ತನ್ನ ಫೋನನ್ನು ನನ್ನ ಮುಂದೆ ಹಿಡಿದು, "ಮಾವ, ಇದನ್ನು ನೋಡಿ, ಇಲ್ಲೇ ಪಕ್ಕದ ಊರಲ್ಲಿ ಆದದ್ದು" ಎಂದು ತೋರಿಸಿದ ಒಂದು ಅಂಕಪಟ್ಟಿಯೇ ನನ್ನ ಪ್ರವಾಸದ ಕಾರಣವಾಯಿತು. 2007ರ ಆಗಸ್ಟ್ 22ರಂದು ಬಾಲ್ಟಿಮೋರಿನಲ್ಲಿ ಟೆಕ್ಸಸ್ ರೇಂಜರ್ಸ್ ಬೇಸ್‌ಬಾಲ್ ತಂಡ ಆತಿಥೇಯ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 30–3ರಿಂದ ಸೋಲಿಸಿತ್ತು.

ಬೇಸ್‌ಬಾಲಿನಲ್ಲಿ ಒಂದು ತಂಡ ಒಂದು ಆಟಕ್ಕೆ ಸಾಮಾನ್ಯವಾಗಿ ಗಳಿಸುವುದು ನಾಲ್ಕೈದು ರನ್ನು. ಅಲ್ಲಿ ಮೂವತ್ತು ಎಂದರೆ ನಮ್ಮ ಲೆಕ್ಕಕ್ಕೆ ಎಷ್ಟು ಎಂದು ಅಳಿಯ ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಮೇಲಿನ ದರ್ಜೆಯ ಲೀಗುಗಳಲ್ಲಿ ಅದಕ್ಕೂ ಮೊದಲು ಒಂದು ತಂಡ ಮೂವತ್ತು ಮುಟ್ಟಿದ್ದು 1897ರ ಜೂನ್ 29ರಂದು, ಶಿಕಾಗೊ ಕೋಲ್ಟ್ಸ್ ತಂಡ ಲೂಯಿವಿಲ್ ತಂಡವನ್ನು 36–7ರಿಂದ ಸೋಲಿಸಿದಾಗ. ನಡುವೆ ನೂರಹತ್ತು ವರ್ಷ.

ಮೊದಲನೆಯ ದಿನ: ಎಮೊರಿ ಬೀದಿ

ಬಾಲ್ಟಿಮೋರ್ ಕನ್ನಡಿಗರಿಗೆ ಹೊಸ ಊರಲ್ಲ. 2006ರಲ್ಲಿ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇಲ್ಲಿಯೇ. ಮರುವರ್ಷ ಇದೇ ಊರಿನಲ್ಲಿ ಇಂಥದೊಂದು ಆಟವಾಯಿತೆಂಬುದು ಮಾತ್ರ ನಮ್ಮವರ ಬಾಯಲ್ಲಿ ಕೇಳಿದ ನೆನಪಿಲ್ಲ.

ಆ ಆಟ ನಡೆದ, ಓರಿಯೋಲ್ಸ್ ತಂಡದ ಕ್ಯಾಮ್ಡನ್ ಯಾರ್ಡ್ಸ್ ಮೈದಾನದಿಂದ ಮೂರು ಬೀದಿಯಾಚೆ, ಎಮೊರಿ ಬೀದಿಯ 216ನೆಯ ಸಂಖ್ಯೆಯ ಇಟ್ಟಿಗೆ ಮನೆಯಲ್ಲಿ 1895ರ ಫೆಬ್ರವರಿ 6ರಂದು ಬೇಸ್‌ಬಾಲಿನ ದಂತಕಥೆ ಬೇಬ್ ರೂತ್ ಹುಟ್ಟಿದ. ಮೈದಾನದಿಂದ ಆ ಮನೆಯವರೆಗೆ ಕಾಲುಹಾದಿಯ ಮೇಲೆ ಬೇಸ್‌ಬಾಲುಗಳ ಚಿತ್ರ ಬರೆದಿದ್ದಾರೆ. ಅವನ್ನು ಅನುಸರಿಸಿದರೆ ದಾರಿ ಕೇಳಬೇಕಾಗಿಲ್ಲ. ಹತ್ತು ವರ್ಷದ ಮೊಮ್ಮಗಳು ಒಂದು ಚೆಂಡಿನಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆಯ ಹಾಗೆ ನೆಗೆಯುತ್ತ ನನ್ನ ಮುಂದೆ ಹೋದಳು. ಮನೆ ಇಕ್ಕಟ್ಟು, ನಮ್ಮ ಅಗ್ರಹಾರದ ವಠಾರದ ಮನೆಗಳ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದು. ಅವನ ಅಪ್ಪ ನಡೆಸುತ್ತಿದ್ದ ಮದ್ಯದಂಗಡಿಗಳಲ್ಲಿ ಒಂದು ಇದ್ದ ಜಾಗ ಇಂದು ಮೈದಾನದ ಒಳಗೆ, ಸೆಂಟರ್ ಫೀಲ್ಡಿನಲ್ಲಿ ಸೇರಿಹೋಗಿದೆ.

ಮೈದಾನದ ಹೆಬ್ಬಾಗಿಲ ಬಳಿ ರೂತ್‌ನ ಕಂಚಿನ ಪ್ರತಿಮೆಯಿದೆ. ರೂತ್ ಎಡಗೈಯವನು, ಆದ್ದರಿಂದ ಅವನ ಗ್ಲೌಸು ಬಲಗೈಗೆ ಹೊಂದುವಂಥದಾಗಿರಬೇಕು. ಪ್ರತಿಮೆಯ ಸೊಂಟದ ಬಳಿ ಇರುವುದು ಬಲಗೈ ಆಟಗಾರರು ಎಡಗೈಗೆ ತೊಡುವ ಗ್ಲೌಸು. ಈ ತಪ್ಪು ಪ್ರತಿಮೆಯಷ್ಟೇ ಹೆಸರಾಗಿದೆ. ನಾನು ಅದರ ಮುಂದೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತೆ. ಒಮ್ಮೆ ಲೀಗಿನ ಫೈನಲ್ಲಿನಲ್ಲಿ ಎರಡು ಲೆಗ್‌ಬೈಗಳನ್ನು ಬ್ಯಾಟರ್‌ನ ಖಾತೆಗೆ ಹಾಕಿ, ಅವನಿಗೆ ಸಲ್ಲದ ಅರ್ಧಶತಕವನ್ನು ಕೊಟ್ಟಿದ್ದೆ. ಮರುದಿನ ತಿದ್ದಿದರೂ ಆ ಹುಡುಗ ಬ್ಯಾಟೆತ್ತಿ ಚಪ್ಪಾಳೆ ಪಡೆದದ್ದನ್ನು ತಿದ್ದಲಾಗಲಿಲ್ಲ.

ಎರಡನೆಯ ದಿನ: ಕ್ಯಾಮ್ಡನ್ ಯಾರ್ಡ್ಸ್

ಆ ವಾರ ತಂಡ ಬೇರೆ ಊರಿಗೆ ಹೋಗಿತ್ತು, ಹಾಗಾಗಿ ಮೈದಾನ ತೋರಿಸುವ ಗುಂಪಿನಲ್ಲಿ ಸೇರಿಕೊಂಡೆವು. 1992ರ ಏಪ್ರಿಲ್ 6ರಂದು ತೆರೆದ ಈ ಮೈದಾನ ಹಳೆಯ ರೈಲ್ವೆ ಯಾರ್ಡಿನ ಜಾಗದಲ್ಲಿದೆ. ಬಲಗಡೆಯ ಬೇಲಿಯ ಆಚೆ ಯೂಟಾ ಬೀದಿ, ಅದರಾಚೆ 1,016 ಅಡಿ ಉದ್ದದ ಕೆಂಪು ಇಟ್ಟಿಗೆಯ ಗೋದಾಮು. ಬೇಲಿ ದಾಟಿ ಆ ಬೀದಿಯಲ್ಲಿ ಬಿದ್ದ ಹೋಮ್ ರನ್‌ಗಳ ಜಾಗದಲ್ಲೆಲ್ಲ ನೆಲಕ್ಕೆ ಹಿತ್ತಾಳೆಯ ಬಿಲ್ಲೆ ಕೂರಿಸಿ, ಹೊಡೆದವನ ಹೆಸರು ಮತ್ತು ದಿನಾಂಕವನ್ನು ಕೆತ್ತಿದ್ದಾರೆ. ಕಾಲಕೆಳಗೇ ಅಂಕಿ-ಅಂಶ ಹಾಸಿದ ಇಂಥ ಬೀದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರೇಕ್ಷಕರ ಹಸಿರು ಕುರ್ಚಿಗಳ ನಡುವೆ ಎರಡು ಮಾತ್ರ ಕಿತ್ತಳೆ ಬಣ್ಣದವು: ಒಂದು ಎಡ್ಡಿ ಮರ್ರೆಯ 500ನೆಯ ಹೋಮ್ ರನ್ ಬಿದ್ದ ಜಾಗ, ಇನ್ನೊಂದು ಕ್ಯಾಲ್ ರಿಪ್ಕೆನ್ ಶಾರ್ಟ್‌ಸ್ಟಾಪ್ (ಎರಡು ಮತ್ತು ಮೂರನೆಯ ಬೇಸುಗಳ ನಡುವೆ ಫೀಲ್ಡಿಂಗ್ ಮಾಡುವ) ಆಟಗಾರನಾಗಿ 278ನೆಯದನ್ನು ಹೊಡೆದ ಜಾಗ.

ರಿಪ್ಕೆನ್ ಸತತ 2,632 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದವನು, ಈ ಊರಿಗೆ ಅವನೇ ಕುಲದೈವ. ಅವನನ್ನು ಕೂಪರ್ಸ್‌ಟೌನಿನಲ್ಲಿರುವ, ಬೇಸ್‌ಬಾಲಿನ ಹಿರಿಯರನ್ನು ಗೌರವಿಸುವ ಹಾಲ್ ಆಫ್ ಫೇಮಿಗೆ ಸೇರಿಸಿಕೊಂಡದ್ದು 2007ರ ಜುಲೈ 29ರಂದು. ಊರು ಆ ಹಬ್ಬ ಮುಗಿಸಿ ಇಪ್ಪತ್ತನಾಲ್ಕನೆಯ ದಿನಕ್ಕೆ 30–3 ಬಂತು. ಹಂಗಾಮಿ ಮ್ಯಾನೇಜರ್ ಆಗಿದ್ದ ಡೇವ್ ಟ್ರೆಂಬ್ಲಿಯವರನ್ನು ಮುಂದಿನ ವರ್ಷಕ್ಕೂ ಮುಂದುವರಿಸುತ್ತೇವೆಂದು ಆಡಳಿತ ಪ್ರಕಟಿಸಿದ್ದು ಆ ಆಟದ ದಿನವೇ. ಅವರಿಗೆ ಸಿಕ್ಕ ಆರತಿ ಮಾತ್ರ ಹೀಗಿತ್ತು.

ಮೈದಾನ ತೋರಿಸಿದ ಹಿರಿಯರು ರಿಪ್ಕೆನ್ ಬಗ್ಗೆ, ಗೋದಾಮಿನ ಬಗ್ಗೆ ಬಹಳ ಹೇಳಿದರು. ಕೊನೆಯಲ್ಲಿ ನಾನು ಮೆಲ್ಲಗೆ ಮೂವತ್ತರ ಆಟದ ಬಗ್ಗೆ ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಅದನ್ನು ಟೆಕ್ಸಸ್‌ನಲ್ಲಿ ತೋರಿಸುತ್ತಾರೆ" ಎಂದು ನಕ್ಕುಬಿಟ್ಟರು. ಆಟಗಾರರು ಕೂರುವ ಡಗೌಟಿನ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದಾಗ ನನ್ನ ಗಮನ ಹೋದದ್ದು ಗೋಡೆಗೆ ಹಾಕಿದ ಫೋನಿನ ಕಡೆಗೆ. ಬದಲಿ ಪಿಚರ್‌ಗಳು, ಅಂದರೆ ನಮ್ಮ ಬೌಲರ್‌ಗಳ ಹಾಗೆ ಚೆಂಡೆಸೆಯುವವರು, ಕಾಯುವ ಬುಲ್‌ಪೆನ್ನಿಗೆ ಕರೆಮಾಡಲು ಇರುವ ಫೋನು ಅದು. ಆಗಸ್ಟ್ 22ರ ಆ ಆಟ ಒಂದೇ ದಿನ ಬೆನ್ನುಬೆನ್ನಿಗೆ ಇದ್ದ ಎರಡು ಆಟಗಳಲ್ಲಿ ಮೊದಲನೆಯದು. ಸೋಲುವ ಆಟಕ್ಕೆ ಎಲ್ಲ ಪಿಚರ್‌ಗಳನ್ನೂ ಸುರಿದುಬಿಟ್ಟರೆ ಎರಡನೆಯದಕ್ಕೆ ಯಾರು? ಆದ್ದರಿಂದ ಮೂವತ್ತು ರನ್ನುಗಳನ್ನೂ ನಾಲ್ವರೇ ಪಿಚರ್‌ಗಳು ಹೊತ್ತರು.

ಮೂರನೆಯ ದಿನ: ಊಟದ ಮೇಜು

ಬೆಳಿಗ್ಗೆಯಿಂದ ಮಳೆ. ಪ್ರವಾಸ ಕಥನದಲ್ಲಿ ಮನೆಯಲ್ಲಿ ಕೂತ ದಿನಕ್ಕೆ ಇಷ್ಟು ಜಾಗ ಕೊಡುವುದು ವಾಡಿಕೆಯಲ್ಲ, ಆದರೆ ಐದು ದಿನಗಳಲ್ಲಿ ನಾನು ಅತಿ ದೂರ ಹೋದದ್ದು ಈ ದಿನವೇ.

ಅಳಿಯ ಆ ದಿನದ ಎರಡೂ ಆಟಗಳ ಬ್ಯಾಟರ್‌ವಾರು ವಿವರವನ್ನು ಮುದ್ರಿಸಿ ಕೊಟ್ಟಿದ್ದ. ಎರಡನೆಯದನ್ನು ಬ್ಯಾಗಿನಲ್ಲೇ ಬಿಟ್ಟು, ಮೊದಲನೆಯದನ್ನು ಮೇಜಿನ ಮೇಲೆ ಹರಡಿ, ಹಿಂದಿನ ದಿನ ಕೊಂಡಿದ್ದ ಬೇಸ್‌ಬಾಲ್ ಸ್ಕೋರ್‌ಬುಕ್ಕಿನಲ್ಲಿ ಆಟವನ್ನು ಮೊದಲಿನಿಂದ ಬರೆಯುತ್ತ ಬಂದೆ. ಇಲ್ಲಿ ಪ್ರತಿ ಬ್ಯಾಟರ್‌ಗೆ ಪ್ರತಿ ಇನಿಂಗ್ಸಿನಲ್ಲಿ ಒಂದು ಚೌಕ, ಚೌಕದೊಳಗೆ ಒಂದು ಪುಟ್ಟ ವಜ್ರಾಕೃತಿ. ಅವನು ಬೇಸಿನಿಂದ ಬೇಸಿಗೆ ಓಡಿದಂತೆ ಅದರ ಒಂದೊಂದು ಅಂಚಿಗೆ ಗೆರೆ ಎಳೆಯಬೇಕು, ಪೂರ್ತಿ ಸುತ್ತಿ ಬಂದರೆ ಅದೇ ರನ್ನು, ವಜ್ರವನ್ನು ಪೆನ್ಸಿಲಿನಿಂದ ತುಂಬಬೇಕು. ಮೂರು ಜನ ಔಟಾದರೆ ಇನಿಂಗ್ಸ್ ಮುಗಿಯಿತು, ಹಾಗೆ ಒಂಬತ್ತು ಇನಿಂಗ್ಸ್.

ಮೊದಲ ಮೂರು ಇನಿಂಗ್ಸ್‌ಗಳಲ್ಲಿ ನನ್ನ ಪೆನ್ಸಿಲಿಗೆ ಟೆಕ್ಸಸ್ ಪುಟದಲ್ಲಿ ಕೆಲಸವೇ ಇರಲಿಲ್ಲ. ಬಾಲ್ಟಿಮೋರ್ ಮೊದಲ ಇನಿಂಗ್ಸಿನಲ್ಲಿ ಒಂದು, ಮೂರನೆಯದರಲ್ಲಿ ಎರಡು ರನ್ ಗಳಿಸಿ 3–0ರಿಂದ ಮುಂದಿತ್ತು. ಮೂವತ್ತು ಎಂಬ ಅಂಕಿಯನ್ನು ಮಾತ್ರ ಕೇಳಿದವರಿಗೆ ಇದು ಗೊತ್ತಿರುವುದಿಲ್ಲ. ಟೆಕ್ಸಸ್ ತಂಡದ ಇನಿಂಗ್ಸ್‌ವಾರು ಲೆಕ್ಕ ಹೀಗಿದೆ: ಸೊನ್ನೆ, ಸೊನ್ನೆ, ಸೊನ್ನೆ, ಐದು, ಸೊನ್ನೆ, ಒಂಬತ್ತು, ಸೊನ್ನೆ, ಹತ್ತು, ಆರು. ಒಂಬತ್ತರಲ್ಲಿ ಐದು ಸೊನ್ನೆ! ಇಡೀ ಮೂವತ್ತು ರನ್ನು ನಾಲ್ಕೇ ಇನಿಂಗ್ಸ್‌ಗಳಲ್ಲಿ ಬಂದದ್ದು, ಅದರಲ್ಲೂ ಹದಿನಾರು ಕೊನೆಯ ಎರಡರಲ್ಲಿ. ಏಕಪಕ್ಷೀಯ ಆಟವೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಹೊಡೆತವೆಂದು ನಾವು ಊಹಿಸುತ್ತೇವೆ. ಇದು ಜಡಿಮಳೆಯಲ್ಲ, ನಾಲ್ಕು ಸಲ ಕಟ್ಟೆ ಒಡೆದದ್ದು.

ಆರನೆಯ ಇನಿಂಗ್ಸಿಗೆ ಬಂದಾಗ ನನ್ನ ಪುಸ್ತಕ ಕೈಕೊಟ್ಟಿತು. ಒಂಬತ್ತು ರನ್ ಆಗಬೇಕಾದರೆ ಮೂರು ಔಟ್ ಸೇರಿ ಕನಿಷ್ಠ ಹನ್ನೆರಡು ಜನ ಬ್ಯಾಟ್ ಹಿಡಿಯಲೇಬೇಕು, ತಂಡದಲ್ಲಿ ಬ್ಯಾಟ್ ಮಾಡುವವರು ಒಂಬತ್ತೇ ಜನ. ಅಂಕಣ ತುಂಬಿದ ಮೇಲೆ ಏಳನೆಯ ಇನಿಂಗ್ಸಿಗೆ ಮೀಸಲಿದ್ದ ಅಂಕಣಕ್ಕೆ ನುಗ್ಗಿ, ಮೇಲಿನ ಸಂಖ್ಯೆಯನ್ನು ಹೊಡೆದು ಆರು ಎಂದು ತಿದ್ದಿದೆ. ಎಂಟನೆಯದರಲ್ಲಿ ಮಾರ್ಲನ್ ಬರ್ಡ್, ಟ್ರ್ಯಾವಿಸ್ ಮೆಟ್‌ಕಾಫ್ ಮುಂತಾದ ಹೆಸರುಗಳ ಎದುರು ಮತ್ತೆ ಅದೇ ಪಾಡು, ಹೊಸ ಹಾಳೆಯನ್ನು ಅಂಟಿಸಬೇಕಾಯಿತು. ಮೂರು ಬೇಸುಗಳಲ್ಲೂ ಓಟಗಾರರಿದ್ದಾಗ ಹೊಡೆಯುವ ಹೋಮ್ ರನ್ನಿಗೆ ಗ್ರ್ಯಾಂಡ್ ಸ್ಲ್ಯಾಮ್ ಎನ್ನುತ್ತಾರೆ, ಒಂದೇ ಹೊಡೆತಕ್ಕೆ ನಾಲ್ಕು ರನ್ನು. ಆರನೆಯ ಇನಿಂಗ್ಸಿನಲ್ಲಿ ಬರ್ಡ್ ಒಂದು, ಎಂಟನೆಯದರಲ್ಲಿ ಮೆಟ್‌ಕಾಫ್ ಇನ್ನೊಂದು ಬಾರಿಸಿದರು. ಮೆಟ್‌ಕಾಫ್‌ನನ್ನು ಕೆಳದರ್ಜೆಯ ತಂಡದಿಂದ ಕರೆಸಿಕೊಂಡದ್ದೇ ಆ ದಿನ.

ಇನ್ನು ನನ್ನ ಮೆಚ್ಚಿನ ಭಾಗ. ಬ್ಯಾಟಿಂಗ್ ಸರದಿಯ ಎಂಟು ಮತ್ತು ಒಂಬತ್ತನೆಯವರು, ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಬಾಲಂಗೋಚಿಗಳು, ಜ್ಯಾರಡ್ ಸಾಲ್ಟಲಮಾಕಿಯಾ ಮತ್ತು ರಮೋನ್ ವಾಸ್ಕೆಸ್. ಇಬ್ಬರೂ ತಲಾ ನಾಲ್ಕು ಹಿಟ್ (ಹೊಡೆದವನನ್ನು ಬೇಸಿಗೆ ಮುಟ್ಟಿಸುವ ಹೊಡೆತ), ತಲಾ ಎರಡು ಹೋಮ್ ರನ್, ತಲಾ ಏಳು ಆರ್‌ಬಿಐ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಆರ್‌ಬಿಐ ಎಂದರೆ ಬೆನ್ನು ನೆಟ್ಟಗಾಗುವ ಶಬ್ದ. ಇಲ್ಲಿ ಅದು ತನ್ನ ಹೊಡೆತದಿಂದ ಒಬ್ಬ ಬ್ಯಾಟರ್ ಮನೆ ಮುಟ್ಟಿಸಿದ ರನ್ನುಗಳ ಸಂಖ್ಯೆ. ಸಾಲಿನ ಕೊನೆಯ ಇಬ್ಬರು ಸೇರಿ ಹದಿನಾಲ್ಕು ರನ್ ತಂದರೆಂದರೆ ಇಡೀ ಮೊತ್ತದ ಅರ್ಧಕ್ಕೆ ಒಂದು ಕಡಿಮೆ. ಸಾಲ್ಟಲಮಾಕಿಯಾ ಎಂಬುದು ಈ ಆಟದ ಮೇಲಿನ ದರ್ಜೆಯ ಲೀಗುಗಳಲ್ಲಿ ಅಲ್ಲಿಯವರೆಗಿನ ಅತಿ ಉದ್ದದ ಮನೆತನದ ಹೆಸರು, ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ, ಸ್ಕೋರ್‌ಬುಕ್ಕಿನ ಅಂಕಣದಲ್ಲಿ ಹಿಡಿಸುವುದಿಲ್ಲ. ನಾನು ಕನ್ನಡದಲ್ಲಿ ಬರೆದೆ. ಆರೇ ಅಕ್ಷರದಲ್ಲಿ ಮುಗಿಯಿತು.

ಈತ ಟೆಕ್ಸಸ್ ತಂಡಕ್ಕೆ ಬಂದು ಆಗಷ್ಟೇ ಮೂರು ವಾರ ತುಂಬಿತ್ತು. ಜುಲೈ 31ರಂದು, ಆ ವರ್ಷದ ಆಸೆ ಬಿಟ್ಟ ರೇಂಜರ್ಸ್ ತನ್ನ ದೊಡ್ಡ ಬ್ಯಾಟರ್ ಮಾರ್ಕ್ ಟೆಶೇರಾನನ್ನು ಅಟ್ಲಾಂಟಾಕ್ಕೆ ಕೊಟ್ಟು ಪಡೆದ ಹುಡುಗರಲ್ಲಿ ಇವನೊಬ್ಬ. ಅದೇ ದಿನ ಎರಿಕ್ ಗಾನ್ಯೇ ಎಂಬ ಪಿಚರ್‌ನನ್ನು ಬಾಸ್ಟನ್ನಿಗೆ ಕೊಟ್ಟು ಪಡೆದವರಲ್ಲಿ ಡೇವಿಡ್ ಮರ್ಫಿ ಮತ್ತು ಕೇಸನ್ ಗ್ಯಾಬರ್ಡ್ ಇದ್ದರು. ಮರ್ಫಿ ಈ ಆಟದಲ್ಲಿ ಐದು ಹಿಟ್ ಹೊಡೆದ, ಗ್ಯಾಬರ್ಡ್ ಆರು ಇನಿಂಗ್ಸ್ ಎಸೆದು ಗೆದ್ದ ಪಿಚರ್ ಎನಿಸಿದ. ಮನೆಯ ಪಾತ್ರೆ ಮಾರಿ ತಂದ ಸಾಮಾನಿನಲ್ಲೇ ಹಬ್ಬದಡುಗೆ ಆಯಿತೆಂದರೆ ಅತಿಶಯವಲ್ಲ.

ಮಧ್ಯಾಹ್ನ ಹುಳಿ-ಅನ್ನದ ನಂತರ ಲೆಕ್ಕ ತಾಳೆ ನೋಡಲು ಕುಳಿತೆ. ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೋಗದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬಾಲ್ಟಿಮೋರಿನ ಡ್ಯಾನಿಯಲ್ ಕಾಬ್ರೆರಾ ಐದು ಇನಿಂಗ್ಸ್‌ಗಳಿಗೆ ಆರು ರನ್. ಬ್ರಯನ್ ಬರ್ರೆಸ್ ಎರಡೇ ಔಟ್ ಪಡೆದು ಎಂಟು ರನ್. ರಾಬ್ ಬೆಲ್ ನಾಲ್ಕು ಔಟ್‌ಗೆ ಏಳು. ಪಾಲ್ ಶೂಯಿ ಎರಡು ಇನಿಂಗ್ಸ್‌ಗೆ ಒಂಬತ್ತು. ಕೂಡಿದರೆ ಮೂವತ್ತು, ಔಟ್‌ಗಳು ಇಪ್ಪತ್ತೇಳು. ಆದರೆ ಒಂದು ಗಂಟು ಬಿಡಿಸಬೇಕಿತ್ತು. ಬೇಸ್‌ಬಾಲಿನಲ್ಲಿ ಓಟಗಾರನನ್ನು ಬೇಸಿಗೆ ಬಿಟ್ಟುಕೊಟ್ಟ ಪಿಚರ್‌ನ ಖಾತೆಗೇ ಆ ರನ್ ಸೇರುತ್ತದೆ. ಆಮೇಲೆ ಬಂದವನ ಎಸೆತಕ್ಕೆ ಓಟಗಾರ ಮನೆ ಮುಟ್ಟಿದರೂ ಸಾಲ ಹಳಬನದೇ. ಹಾಗೆ ನೋಡಿದಾಗ ಬೆಲ್ ಆರನೆಯ ಇನಿಂಗ್ಸಿನ ಕೊನೆಯ ಔಟ್ ಪಡೆದು, ಏಳನೆಯದನ್ನು ಚೊಕ್ಕವಾಗಿ ಸೊನ್ನೆಗೆ ಮುಗಿಸಿ, ಎಂಟನೆಯದರಲ್ಲಿ ಒಬ್ಬನನ್ನೂ ಔಟ್ ಮಾಡಲಾಗದೆ ಏಳು ರನ್ನುಗಳ ಸಾಲ ಹೊತ್ತು ಹೊರಗೆ ನಡೆದ. ಏಳನೆಯ ಇನಿಂಗ್ಸಿನ ಆ ಸೊನ್ನೆಯನ್ನು ಯಾವ ವರದಿಯೂ ಎತ್ತಿ ಹೇಳುವುದಿಲ್ಲ. ನಾನು ನನ್ನ ಪುಸ್ತಕದಲ್ಲಿ ಅದರ ಕೆಳಗೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದೆ.

"ತಾತ, ಇಲ್ಲಿ 'ಎಸ್' ಅಂತ ಯಾಕಿದೆ?" ಎಂದು ಮೊಮ್ಮಗಳು ಬೆರಳಿಟ್ಟದ್ದು ಟೆಕ್ಸಸ್ ಪಿಚರ್ ವೆಸ್ ಲಿಟಲ್‌ಟನ್ ಹೆಸರಿನ ಮುಂದೆ. ಎಸ್ ಎಂದರೆ ಸೇವ್, ಗೆಲುವನ್ನು ಕಾಪಾಡಿದವನೆಂಬ ಗೌರವ. ಇಪ್ಪತ್ತೇಳು ರನ್ ಅಂತರದ ಗೆಲುವನ್ನು ಕಾಪಾಡುವುದೇನಿದೆ? ನಗು ಬಂತು, ನಿಯಮ ಓದಿದ ಮೇಲೆ ನಗು ಹೋಯಿತು. ಮುನ್ನಡೆ ಮೂರು ರನ್ನಿಗೆ ಮೀರದಿದ್ದಾಗ ಬಂದು ಕೊನೆಯ ಒಂದು ಇನಿಂಗ್ಸ್ ಎಸೆದವನಿಗೆ ಸೇವ್ ಸಿಗುತ್ತದೆ. ಹಾಗೆಯೇ, ಮುನ್ನಡೆ ಎಷ್ಟೇ ಇರಲಿ, ಕೊನೆಯ ಮೂರು ಇನಿಂಗ್ಸ್‌ಗಳನ್ನು ಚೆನ್ನಾಗಿ ಎಸೆದು ಮುಗಿಸಿದವನಿಗೂ ಸಿಗುತ್ತದೆ. ಲಿಟಲ್‌ಟನ್ ಏಳನೆಯ ಇನಿಂಗ್ಸಿಗೆ ಬಂದಾಗ ಅಂಕ 14–3. ಅವನು ಮೂರೂ ಇನಿಂಗ್ಸ್ ಎಸೆದ, ಒಂದು ರನ್ ಕೊಡಲಿಲ್ಲ. ನಡುವೆ ತನ್ನ ತಂಡದವರು ಹತ್ತು, ಆಮೇಲೆ ಆರು ರನ್ ಗಳಿಸುತ್ತಿದ್ದಷ್ಟು ಹೊತ್ತೂ ತೋಳು ತಣ್ಣಗಾಗದಂತೆ ಕಾಯುವುದಿತ್ತಲ್ಲ, ಅದನ್ನು ಬೌಲಿಂಗ್ ಮಾಡಿದವರು ಬಲ್ಲರು. ಈ ಅಂಕಿಯನ್ನು ಹಾಸ್ಯಕ್ಕೆ ಹೇಳುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಪುಟದಲ್ಲಿ ಅತ್ಯಂತ ನೇರ್ಪಾಗಿ ಗಳಿಸಿದ ಅಂಕಿ.

ನಾಲ್ಕನೆಯ ದಿನ: ರೈಲು

ಬಾಲ್ಟಿಮೋರ್ ಪೆನ್ ಸ್ಟೇಷನ್ನಿನಿಂದ ನ್ಯೂಯಾರ್ಕಿಗೆ ರೈಲಿನಲ್ಲಿ ಎರಡೂವರೆ ಗಂಟೆ. ಕಿಟಕಿಯ ಆಚೆ ನೋಡುವಂಥದು ಸಸ್ಕ್ವೆಹಾನಾ ನದಿಯ ಸೇತುವೆಯೊಂದೇ ಎನಿಸಿ, ಅದು ದಾಟಿದ ಮೇಲೆ ಕಾಗದ ತೆಗೆದೆ.

ಬಿಲ್ ಜೇಮ್ಸ್ ಎಂಬ ಅಂಕಿ-ಅಂಶ ಪರಿಣತರ ಒಂದು ಸೂತ್ರವಿದೆ, ಪೈಥಾಗರಸ್ ಹೆಸರಿನದು: ತಂಡವೊಂದು ವರ್ಷವಿಡೀ ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಅದು ಗೆಲ್ಲಬೇಕಾಗಿದ್ದ ಪ್ರಮಾಣ ಸಿಗುತ್ತದೆ. 2007ರಲ್ಲಿ ರೇಂಜರ್ಸ್ ಗಳಿಸಿದ್ದು 816, ಕೊಟ್ಟದ್ದು 844. ಸೂತ್ರದಂತೆ 162 ಆಟಗಳಲ್ಲಿ ಸುಮಾರು 78 ಗೆಲ್ಲಬೇಕಿತ್ತು, ಗೆದ್ದದ್ದು 75. ನತದೃಷ್ಟ ತಂಡವೆಂದು ಸೂತ್ರ ಹೇಳುತ್ತದೆ. ಈಗ ಈ ಒಂದು ಆಟವನ್ನು ತೆಗೆದುಬಿಟ್ಟೆ: 786 ಮತ್ತು 841. ಉಳಿದ 161 ಆಟಗಳಿಗೆ ಲೆಕ್ಕ ಹಾಕಿದರೆ 75 ಬರುತ್ತದೆ, ನಿಜವಾಗಿ ಗೆದ್ದದ್ದು 74. ಇಡೀ ವರ್ಷದ ದುರದೃಷ್ಟದಲ್ಲಿ ಬಹುಪಾಲು ಒಂದೇ ದಿನದ ಅದೃಷ್ಟದಿಂದ ಹುಟ್ಟಿದ್ದು! ಮೂವತ್ತು ಹೊಡೆದರೂ ಗೆಲುವು ಒಂದೇ, ಸೂತ್ರಕ್ಕೆ ಅದು ಗೊತ್ತಿಲ್ಲ. ಫಿಲಡೆಲ್ಫಿಯಾ ಬರುವ ಹೊತ್ತಿಗೆ ನಾನು ಇದನ್ನು ಮೂರು ಸಲ ತಾಳೆ ನೋಡಿದ್ದೆ.

ಇನ್ನೊಂದು ಕಾಕತಾಳೀಯವನ್ನು ಬರೆಯದೆ ಇರಲಾರೆ. 30ರ ಮೊದಲು, ಮೇಲಿನ ದರ್ಜೆಯ ಎರಡು ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ದಾಖಲೆ 29 ರನ್. ಅದನ್ನು 1950ರಲ್ಲಿ ಬಾಸ್ಟನ್ ತಂಡವೂ, 1955ರ ಏಪ್ರಿಲ್ 23ರಂದು ಶಿಕಾಗೊ ವೈಟ್ ಸಾಕ್ಸ್ ತಂಡವೂ ಮಾಡಿದ್ದವು. ಏಪ್ರಿಲ್ 23 ಎಂಬ ದಿನಾಂಕವನ್ನು ಬೆಂಗಳೂರಿನ ಕ್ರಿಕೆಟ್ ಅಭಿಮಾನಿಗೆ ಯಾರೂ ನೆನಪಿಸಬೇಕಿಲ್ಲ. 2013ರಲ್ಲಿ ಅದೇ ದಿನ ಚಿನ್ನಸ್ವಾಮಿ ಮೈದಾನದಲ್ಲಿ ಗೇಲ್ 175 ಹೊಡೆದು ಆರ್‌ಸಿಬಿ 263 ಗಳಿಸಿತು, 2017ರಲ್ಲಿ ಅದೇ ದಿನ ಕೋಲ್ಕತ್ತದಲ್ಲಿ 49ಕ್ಕೆ ಉದುರಿತು.

ಐದನೆಯ ದಿನ: ಗ್ರೀನ್‌ವುಡ್

ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನಕ್ಕೆ ಮೊಮ್ಮಗಳನ್ನು ಕರೆದೊಯ್ಯುತ್ತೇನೆಂದಾಗ ಮಗಳು ಮುಖ ಸಿಂಡರಿಸಿದಳು. ಆಮೇಲೆ ತಾನೂ ಬಂದಳು. ಆರ್ ರೈಲಿನಲ್ಲಿ 25ನೆಯ ಬೀದಿಯ ನಿಲ್ದಾಣದಲ್ಲಿ ಇಳಿದು ಏರು ಹತ್ತಿದರೆ ಗೋಪುರಗಳ ದೊಡ್ಡ ಕಲ್ಲಿನ ಬಾಗಿಲು. ಅದರ ತುದಿಯಲ್ಲಿ ಕಡ್ಡಿಯ ಗೂಡು ಕಟ್ಟಿಕೊಂಡು ಹಸಿರು ಗಿಳಿಗಳು ಗಲಾಟೆ ಹಾಕುತ್ತಿದ್ದವು. ನ್ಯೂಯಾರ್ಕಿನಲ್ಲಿ ಗಿಳಿ! ದಕ್ಷಿಣ ಅಮೆರಿಕ ಮೂಲದ ಆ ಹಕ್ಕಿಗಳು ಇಲ್ಲಿಯೇ ಸಂಸಾರ ಹೂಡಿಬಿಟ್ಟಿವೆ.

ನಾವು ಹುಡುಕಿ ಹೋದದ್ದು ಹೆನ್ರಿ ಚಾಡ್ವಿಕ್‌ರ ಸಮಾಧಿಗೆ. ಇಂಗ್ಲೆಂಡಿನ ಎಕ್ಸೆಟರಿನಲ್ಲಿ 1824ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬ್ರೂಕ್ಲಿನ್ನಿಗೆ ಬಂದ ಇವರು ಪತ್ರಿಕೆಗಳಿಗೆ ಬರೆಯುತ್ತಿದ್ದದ್ದು ಕ್ರಿಕೆಟ್ ವರದಿ. 1856ರಲ್ಲಿ ಒಂದು ಕ್ರಿಕೆಟ್ ಪಂದ್ಯ ಮುಗಿಸಿ ಹೊರಟಾಗ ಪಕ್ಕದಲ್ಲಿ ನಡೆಯುತ್ತಿದ್ದ ಬೇಸ್‌ಬಾಲ್ ಕಣ್ಣಿಗೆ ಬಿತ್ತು, ಮನಸ್ಸು ಅತ್ತ ವಾಲಿತು. ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯಲ್ಲಿ ಬೇಸ್‌ಬಾಲಿಗೆ ಬಾಕ್ಸ್ ಸ್ಕೋರ್ ಎಂಬ ಕೋಷ್ಟಕವನ್ನು ರೂಪಿಸಿಕೊಟ್ಟವರು ಇವರೇ. ಮೂರು ಸ್ಟ್ರೈಕಿಗೆ ಔಟಾದವನ ಚೌಕದಲ್ಲಿ ಇಂದಿಗೂ ಬರೆಯುವ 'ಕೆ' ಅಕ್ಷರ ಇವರು ಹಾಕಿಕೊಟ್ಟ ಗುರುತು. ನಾನು ಮೂರನೆಯ ದಿನ ಬೇರೆ ದೇಶದ ಆಟವನ್ನು ಕಲಿಯುತ್ತಿದ್ದೇನೆಂದು ತಿಳಿದಿದ್ದೆ. ನಿಜವಾಗಿ ನಮ್ಮ ಸ್ಕೋರ್‌ಬುಕ್ಕಿನ ದಾಯಾದಿಯ ಮನೆಯಲ್ಲಿದ್ದೆ.

ಗುಡ್ಡದ ಓರೆಯಲ್ಲಿ ಕಂಬ, ಅದರ ನೆತ್ತಿಯಲ್ಲಿ ಹೊಲಿಗೆ ಸಮೇತ ಕೆತ್ತಿದ ಕಲ್ಲಿನ ಚೆಂಡು. ಚಾಡ್ವಿಕ್ ತೀರಿಕೊಂಡದ್ದು 1908ರಲ್ಲಿ. ಆರ್‌ಬಿಐ ಅಧಿಕೃತ ಲೆಕ್ಕಕ್ಕೆ ಸೇರಿದ್ದು 1920ರಲ್ಲಿ, ಸೇವ್ ಸೇರಿದ್ದು 1969ರಲ್ಲಿ. ಸಾಲ್ಟಲಮಾಕಿಯಾನ ಏಳು, ಲಿಟಲ್‌ಟನ್‌ನ 'ಎಸ್' ಎರಡೂ ಅವರ ಕೋಷ್ಟಕದಲ್ಲಿ ಕಾಣುತ್ತಿರಲಿಲ್ಲ. ಆದರೆ ನಾಲ್ಕು ಇನಿಂಗ್ಸ್‌ಗಳಲ್ಲಿ ಮೂವತ್ತು, ಐದರಲ್ಲಿ ಸೊನ್ನೆ ಎಂಬ ಸಾಲನ್ನು ಅವರು ಒಂದು ನೋಟಕ್ಕೆ ಓದುತ್ತಿದ್ದರು. ಸ್ಕೋರ್‌ಬುಕ್ ತೆಗೆದು ಕಂಬದ ಕಟ್ಟೆಯ ಮೇಲಿಟ್ಟು ಒಂದು ಫೋಟೋ ತೆಗೆಸಿಕೊಂಡೆ. ಮಗಳು ಯಾರೂ ನೋಡುತ್ತಿಲ್ಲ ತಾನೇ ಎಂದು ಸುತ್ತ ನೋಡಿದಳು.

ವಾಪಸು ರೈಲಿನಲ್ಲಿ ಮೊಮ್ಮಗಳು ಬ್ಯಾಗ್ ಕೆದಕಿ ಬಿಚ್ಚದೇ ಇದ್ದ ಕಾಗದದ ಕಟ್ಟನ್ನು ಹೊರತೆಗೆದಳು. "ತಾತ, ಇದು ಯಾವುದು?" ಅದೇ ರಾತ್ರಿಯ ಎರಡನೆಯ ಆಟ. ಟೆಕ್ಸಸ್ 9, ಬಾಲ್ಟಿಮೋರ್ 7. ಮೊದಲ ಆಟದಲ್ಲಿ ಹಾಗೆ ಜಜ್ಜಿಸಿಕೊಂಡವರು ಅಷ್ಟೇ ಹೊತ್ತಿನಲ್ಲಿ ಮತ್ತೆ ಮೈದಾನಕ್ಕಿಳಿದು ಎರಡು ರನ್ ಅಂತರದವರೆಗೆ ಕಾದಾಡಿದ್ದರು. ಒಂದೇ ದಿನ ಎರಡು ಆಟ ಸೇರಿ ಟೆಕ್ಸಸ್ ಗಳಿಸಿದ 39 ಕೂಡ ಅಮೆರಿಕನ್ ಲೀಗಿನ ದಾಖಲೆ, ಆದರೆ ಆ ಒಂಬತ್ತು-ಏಳನ್ನು ಯಾರೂ ನೆನಪಿಟ್ಟಿಲ್ಲ.

ಹೊಸ ಪುಟ ತೆರೆದು ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ. ಮೇಲಿನ ಗೆರೆಯ ಮೇಲೆ ದಿನಾಂಕ, ಊರು, ತಂಡಗಳ ಹೆಸರು ಬರೆದಳು. ಟ್ರೆಂಟನ್ ದಾಟುವಾಗ ರೈಲು ಕುಲುಕಿ ಮೊದಲ ಚೌಕದ ಗೆರೆ ಸೊಟ್ಟಗಾಯಿತು. ಅಳಿಸಬೇಡ, ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿ ಮುಂದೆ ಬರಿ ಎಂದೆ.